ಅಮ್ಮ ಏಳುವ ಸದ್ದು

ಬ್ರಾಡಕ್, ಪೆನ್ಸಿಲ್ವೇನಿಯಾ
ಅಕ್ಟೋಬರ್ 9, 2010

ಪ್ರೀತಿಯ ಎಮಿಲ್ ಅಣ್ಣ,

ನಿನ್ನ ಪತ್ರ ತಲುಪಿತು. ನೀನು ಓದಿದ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳು ತೆಗೆದ ದೆವ್ವದ ಸಿನಿಮಾಗಳನ್ನು ಒಟ್ಟುಮಾಡಿ ತೋರಿಸುತ್ತಾರಂತೆ. ನಮ್ಮ ನೆಲಮಾಳಿಗೆಯಲ್ಲಿ ತೆಗೆದ ಚಿತ್ರದ ಡಬ್ಬಿಯನ್ನು ಅವರಿಗೆ ಕೊಡು, ನಾನಂತೂ ಬರುವುದಿಲ್ಲ ಎಂದು ಬರೆದಿದ್ದೀಯ. ಅಮ್ಮನನ್ನು ಮಣ್ಣು ಮಾಡಿದ ದಿನ ಹೊರಟವನು ನೀನು ಮತ್ತೆ ಈ ಊರಿಗೆ ಬರಲೇ ಇಲ್ಲ. ಯಾಕೆಂದು ಈಗ ಮೊದಲ ಸಲ ತಿಳಿಯಿತು. ಶವಪೆಟ್ಟಿಗೆಯ ಮುಂದೆ ನಾನು ಚಪ್ಪಾಳೆ ತಟ್ಟಿದೆನಲ್ಲ, ನಿನ್ನ ಸಿನಿಮಾದಿಂದಲೇ ಅಮ್ಮ ಸತ್ತಳು ಎಂದು ಹಂಗಿಸಿದೆ ಎಂದುಕೊಂಡೆಯಂತೆ. ಒಂಬತ್ತು ವರ್ಷದವಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು, ಅಣ್ಣ?

ದೆವ್ವಕ್ಕೆ ಕೋಟೆಯೂ ಬೇಡ, ಸ್ಮಶಾನವೂ ಬೇಡ, ದಿನವೂ ಅಡುಗೆಯಾಗುವ ಮನೆಯಲ್ಲೇ ಜನ ಹೆಚ್ಚು ಹೆದರುತ್ತಾರೆ ಎಂದು ಆಗ ನೀನು ವಾದಿಸುತ್ತಿದ್ದೆ. ಅಮ್ಮ ಪಿಯರೋಗಿ ಕಡುಬಿನ ಹಿಟ್ಟು ನಾದುತ್ತಲೇ, "ನನ್ನ ಅಡುಗೆಮನೆಗೆ ಬೇರೆ ದೆವ್ವ ಯಾಕೋ? ನಿಮ್ಮಪ್ಪ ದಿನಾ ಹೆದರ್ತಾರಲ್ಲ," ಎಂದಿದ್ದಳು. ನಟಿಯರು ಯಾರೂ ಸಿಗದೆ ಸಾಯುವ ಪಾತ್ರ ಅವಳಿಗೇ ಬಂತು. ಕಪ್ಪುಬಿಳುಪಿನಲ್ಲಿ ರಕ್ತದಂತೆ ಕಾಣಲಿ ಎಂದು ಅವಳ ಕೊರಳಿಗೆ ಚಾಕೊಲೇಟ್ ಪಾಕ ಸುರಿದೆವು.

ಕ್ಲ್ಯಾಪ್ ಹಲಗೆ ತಟ್ಟುವ ಕೆಲಸ ನನ್ನದು. ಶಾಟ್ ಶುರುವಾಗುವಾಗ ತಟ್ಟಿದರೆ ಅಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ. ಅದಕ್ಕೇ, ಮುಗಿಯುವಾಗ ಹಲಗೆಯನ್ನು ತಲೆಕೆಳಗಾಗಿ ಹಿಡಿದು ತಟ್ಟು ಎಂದು ನೀನೇ ಕಲಿಸಿದೆ. ಆ ಸದ್ದು ಕೇಳುವ ತನಕ ಅವಳು ಸಿಮೆಂಟ್ ನೆಲದ ಮೇಲೆ ಉಸಿರು ಬಿಗಿಹಿಡಿದು ಮಲಗಿರಬೇಕು. ಮೊದಲ ಸಲ ನಾನು ಅತ್ತುಬಿಟ್ಟೆ. ಅಮ್ಮ ಹತ್ತಿರ ಕರೆದು, "ಹುಚ್ಚಿ, ಅಳ್ತಾರೇನೇ? ನೀನು ತಟ್ಟು, ನಾನು ಎದ್ದೇ ಏಳ್ತೀನಿ," ಎಂದಳು. ಪ್ರತಿ ಸಲವೂ ಎದ್ದಳು.

ಆ ವರ್ಷದ ಏಪ್ರಿಲ್‌ನಲ್ಲಿ ಶವಪೆಟ್ಟಿಗೆಯೊಳಗೂ ಹಾಗೆಯೇ ಮಲಗಿದ್ದಳು. ಯಾರೂ ತಟ್ಟುತ್ತಿರಲಿಲ್ಲ. ಹಲಗೆ ಇರಲಿಲ್ಲ, ಕೈಯಿಂದಲೇ ತಟ್ಟಿದೆ. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ತಟ್ಟಿದೆ. ಮೈಮೇಲೆ ಜ್ಞಾನ ಇಲ್ಲವೇ ಎಂದು ಬೈಯುತ್ತ ವೆರೋನಾ ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಎಳೆದೊಯ್ದರು. ತಿರುಗಿ ನೋಡುವಷ್ಟರಲ್ಲಿ ನೀನಿರಲಿಲ್ಲ.

ಆ ತಣ್ಣನೆಯ ನೆಲವೇ ಅವಳನ್ನು ಕೊಂದಿತು ಎಂದು ನೀನು ನಂಬಿದ್ದೀಯ. ಅಮ್ಮನ ಎದೆಯ ಕೆಮ್ಮು ಅದಕ್ಕೂ ಬಹಳ ಮೊದಲೇ ಇತ್ತು, ಅಣ್ಣ. ರಾತ್ರಿ ಅವಳ ಪಕ್ಕ ಮಲಗುತ್ತಿದ್ದವಳು ನಾನು. ನಿನಗೆ ಹೇಳಿದರೆ ಸಿನಿಮಾ ನಿಲ್ಲಿಸಿಬಿಡುತ್ತೀಯೆಂದು ನನ್ನ ಬಾಯಿ ಮುಚ್ಚಿಸಿದ್ದಳು. ಅವಳಿಗೆ ಆ ಪಾತ್ರ ಬೇಕಿತ್ತು.

ನವೆಂಬರ್ ಆರರಂದು ಚಿತ್ರ ತೋರಿಸುತ್ತಾರೆ. ಬಾ. ಮೇಲಿನ ಕೋಣೆಯಲ್ಲಿ ನಿನ್ನ ಹಾಸಿಗೆ ಹಾಗೆಯೇ ಇದೆ.

ಇನ್ನೂ ನಿನ್ನ ಹಲಗೆ ಹಿಡಿದು ನಿಂತಿರುವ,
ತಂಗಿ ಐರೀನ್

ಮರೆತ ಮಾತು: ಡಬ್ಬಿಯಲ್ಲಿ ಕತ್ತರಿಸದ ಕೊನೆಯ ರೀಲೂ ಇತ್ತು. ಅಮ್ಮ ಏಳುವುದನ್ನು ಒಮ್ಮೆ ನೋಡೋಣವೆಂದು ಹಾಕಿಸಿದೆ. ನನ್ನ ಹಲಗೆಯ ಅಂಚು ಒಳಗೆ ಬರುತ್ತದೆ, ಅಷ್ಟರಲ್ಲಿ ರೀಲು ಮುಗಿದು ಪರದೆ ಬೆಳ್ಳಗಾಗುತ್ತದೆ. ನವೆಂಬರ್ ಆರರಂದು ಚಿತ್ರ ಮುಗಿದಾಗ ಜನರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆಗ ನಾನು ಪರದೆಯನ್ನೇ ನೋಡುತ್ತ ಕೂತಿರುತ್ತೇನೆ. ನನ್ನ ಪಕ್ಕದಲ್ಲಿ ನೀನಿರು.