ಅಡ್ಡ ಗೆರೆ ನನ್ನದು

ಭಾನುವಾರ, 9

ಎರಡು ಸಬ್ಜೆಕ್ಟ್ ಫೇಲ್ ಅಂತ ಇವತ್ತೂ ಅಪ್ಪನಿಗೆ ಹೇಳಲಿಲ್ಲ.

ಕಾರಿನ ಗಾಜು ಒರೆಸುವಾಗ ಹೇಳೋಣ ಅಂತಿದ್ದೆ. ಅಪ್ಪ ಹೊರಗೆ, ನಾನು ಒಳಗೆ. “ಸ್ಪ್ರೇ ಬಟ್ಟೆಗೆ ಹೊಡಿ ಮಗಳೇ, ಗಾಜಿಗಲ್ಲ. ಡ್ಯಾಶ್‌ಬೋರ್ಡ್‌ಗೆ ಸ್ನಾನ ಮಾಡಿಸ್ಬೇಡ.” ಅವರು ಮೇಲಿಂದ ಕೆಳಗೆ ಒರೆಸಬೇಕು, ನಾನು ಅಡ್ಡಡ್ಡ. ಗೆರೆ ಉಳಿದರೆ ಯಾರ ಕಡೆಯದು ಅಂತ ಗೊತ್ತಾಗಲಿ ಅಂತ ಅಪ್ಪನ ರೂಲ್.

ಗಾಜೆಲ್ಲ ಏರಿಸಿತ್ತು. ಮೆಲ್ಲಗೆ ಹೇಳಿಬಿಟ್ಟೆ, “ಅಪ್ಪಾ, ನಾನು ಫೇಲ್.” ಅವರು ಆಚೆಯಿಂದ ಒಂದು ಅಡ್ಡ ಗೆರೆಗೆ ಬೆರಳು ತೋರಿಸಿದರು. ಆಮೇಲೆ ಬಾಗಿಲು ತೆಗೆದು, “ಏನೋ ಅಂದ್ಯಲ್ಲ?”

“ಗೆರೆ ನಂದೇ, ಒರೆಸ್ತೀನಿ ಅಂದೆ.”

ಒಣ ಬಟ್ಟೆಯಲ್ಲಿ ಒರೆಸಿದೆ. ಅಳು, ಭಯ ಏನೂ ಇಲ್ಲ, ಬರೀ ಬ್ಲಾಂಕ್. ನಾಳೆ ಹಾಸ್ಟೆಲ್‌ಗೆ ಅವರೇ ಬಿಡ್ತಾರೆ. ಎರಡು ಗಂಟೆ ದಾರಿ, ಇಬ್ಬರೂ ಗಾಜಿನ ಒಂದೇ ಕಡೆ.