ಜಗಲಿಯ ಮೇಲಿನ ಡಾಕ್ಟರು

ಶಿಡ್ಲಘಟ್ಟ
೧೨-೮-೧೯೫೮

ನನ್ನ ಮುದ್ದಿನ ತಂಗಿ ಅಶ್ವತ್ಥಮ್ಮನಿಗೆ,

ನಾನು ಚೆನ್ನಾಗಿದ್ದೇನೆ ಎಂದು ಈ ದಿನ ಧೈರ್ಯವಾಗಿ ಬರೆಯಬಲ್ಲೆ. ಹೋದ ತಿಂಗಳು ಬರೆದಿದ್ದರೆ ಸುಳ್ಳಾಗುತ್ತಿತ್ತು; ಅದಕ್ಕೇ ಬರೆಯಲಿಲ್ಲ. ನಿನ್ನ ಮೊದಲ ಹೆರಿಗೆಗೆ ಗೌರಿಬಿದನೂರಿಗೆ ನಾನೇ ಬರಬೇಕೆಂದು ನೀನು ಕೇಳಿದ್ದೆ. ಉತ್ತರ ಕಾದು ಕಾದು ಮುನಿಸಿಕೊಂಡಿರುತ್ತೀಯ.

ಸಾದಲಿಯ ಹತ್ತಿರದ ಹಳ್ಳಿಯಿಂದ ಚಿಕ್ಕವೆಂಕಟಮ್ಮ ಎಂಬ ಬಸುರಿ ನಮ್ಮ ಆಸ್ಪತ್ರೆಗೆ ಬಂದಿದ್ದಳು. ಕಾಲು, ಮುಖ ಊದಿತ್ತು, ರಕ್ತದೊತ್ತಡ ಏರಿತ್ತು. ಆಸ್ಪತ್ರೆಯಲ್ಲೇ ಇರಲಿ ಎಂದೆ. ಅವಳತ್ತೆ ಗಂಗುಲಮ್ಮ ಕೇಳಲಿಲ್ಲ. "ರೇಷ್ಮೆಹುಳ ಹಣ್ಣಾಗೋ ಹೊತ್ತು ಕಣಮ್ಮ. ಗೂಡು ಕಟ್ಟಕ್ಕೆ ಬಿಟ್ಟು ನಾನೇ ಕರ್ಕಂಡ್ ಬರ್ತೀನಿ." ಕರೆದುಕೊಂಡು ಬಂದದ್ದು ನಿಜ, ಅಷ್ಟರಲ್ಲಿ ಗಾಡಿಯಲ್ಲೇ ಫಿಟ್ಸ್ ಶುರುವಾಗಿತ್ತು. ಮಗು ಉಳಿಯಿತು. ತಾಯಿ ನನ್ನ ಕೈಯಲ್ಲೇ ಹೋದಳು.

ಮರುದಿನ ಇನ್ನೊಂದು ಹೆರಿಗೆಗೆ ಕರೆದರು. ನಾನು ಕೈ ತೊಳೆಯುತ್ತಲೇ ನಿಂತುಬಿಟ್ಟೆ. ನಮ್ಮ ಹಿರಿಯ ಡಾಕ್ಟರು ಚೆನ್ನರಾಯಪ್ಪನವರು ಇಣುಕಿ, "ಕೈ ಸವೆದುಹೋದಾವು ತಾಯಿ. ಒಳಗಿರೋಳು ನಿಮ್ಮನ್ನೇ ಕಾಯ್ತಿದ್ದಾಳೆ," ಎಂದರು. ಹೋದೆ. ಮನಸ್ಸು ಮಾತ್ರ ಆ ಗಾಡಿಯ ಹತ್ತಿರವೇ ಇತ್ತು.

ಕೊನೆಗೆ ಬಸ್ಸು ಹತ್ತಿ ಗಂಗುಲಮ್ಮನ ಮನೆಗೇ ಹೋದೆ. ಮತ್ತೆ ಮನೆ ತುಂಬ ಹುಳ ಸಾಕಿದ್ದರು. ಗಂಗುಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹೊರಗಿನೋರು ಹುಳದ ಮನೆಯೊಳಕ್ಕೆ ಬರಂಗಿಲ್ಲ, ಹುಳಕ್ಕೆ ರೋಗ ತಗಲ್ತದೆ. ಡಾಕ್ಟ್ರಾದ್ರೂ ಅಷ್ಟೆ." ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು, ಕೂಸನ್ನು ನನ್ನ ತೊಡೆಗೆ ಹಾಕಿದಳು. ಆಮೇಲೆ ಸೆರಗು ಹಿಂಡುತ್ತಾ, "ಆವತ್ತು ನೀವು ಹಿಂಗೇ ಬಂದಿದ್ರೆ ಅವಳ್ನ ಹೊರಕ್ಕೆ ಕರೀತಿದ್ದೆ ಕಣಮ್ಮ," ಎಂದಳು.

ನನಗೆ ಕೋಪ ಬಂತು. ಆಸ್ಪತ್ರೆಯಲ್ಲಿ ಬಿಡದವಳು ನೀನೇ ಅಲ್ಲವೇ ಎಂದು ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿ ಕೂಸನ್ನು ಅವಳ ಕೈಗೆ ಕೊಟ್ಟೆ. "ಇನ್ಮೇಲೆ ಸೋಮವಾರ ಸೋಮವಾರ ಬರ್ತೀನಿ. ಬಸುರೀರನ್ನ ಇಲ್ಲಿಗೇ ಕರೀರಿ," ಎಂದೆ.

ಈಗ ವಾರಕ್ಕೊಮ್ಮೆ ಆ ಜಗಲಿಯೇ ನನ್ನ ಆಸ್ಪತ್ರೆ. ಮೊನ್ನೆ ಗಂಗುಲಮ್ಮನ ಮೈದುನನ ಸೊಸೆಗೂ ಕಾಲು ಊದಿತ್ತು. ಹುಳಕ್ಕೆ ಸೊಪ್ಪು ಹಾಕೋರಿಲ್ಲ ಎಂದು ಆ ಸೊಸೆ ರಾಗ ತೆಗೆದಳು. "ನಾನೇನ್ ಸತ್ತೋಗಿದ್ದೀನೇನೇ? ನಡಿಯೇ, ಹತ್ತು ಗಾಡೀನ!" ಎಂದು ಗಂಗುಲಮ್ಮ ಗದರಿಸಿ ಕಳಿಸಿದಳು. ಆ ತಾಯಿ, ಮಗು ನಮ್ಮ ವಾರ್ಡಿನಲ್ಲಿ ಸುಖವಾಗಿದ್ದಾರೆ.

ನಿನ್ನ ಹೆರಿಗೆಯನ್ನು ನಾನೇ ಮಾಡಿಸುತ್ತೇನೆ. ಭಾನುವಾರ ಹೊರಡುತ್ತೇನೆ. ಉಪ್ಪು ತಿಂದು ಕಾಲು ಊದಿಸಿಕೊಳ್ಳಬೇಡ, ಉಪ್ಪಿನಕಾಯಿ ಜಾಡಿಯನ್ನು ಈಗಲೇ ನಿಮ್ಮತ್ತೆಯ ವಶಕ್ಕೆ ಕೊಡು. ನೀನೂ ನಿನ್ನ ಕೂಸೂ ತಣ್ಣಗಿರಿ.

ನಿನ್ನ
ಅನಸೂಯ

ವಿ.ಸೂ.: ಕೊನೆಯಲ್ಲಿ ಒಂದು ಕ್ಷಣ ಎಚ್ಚರವಾದಾಗ ಚಿಕ್ಕವೆಂಕಟಮ್ಮ ನನ್ನನ್ನು "ಅಕ್ಕಾ" ಎಂದು ಕರೆದಳು. ಅಲ್ಲಿಂದೀಚೆಗೆ ಯಾರು ಹಾಗೆ ಕರೆದರೂ ನನಗೆ ದನಿ ಹೊರಡುತ್ತಿಲ್ಲ. ನಿನ್ನ ಕಾಗದದ ಮೊದಲ ಮಾತೂ ಅದೇ. ಮುಂದಕ್ಕೆ ಓದಲು ವಾರ ಹಿಡಿಯಿತು. ನಾನು ಬಂದಾಗ ಬಾಗಿಲಲ್ಲೇ ಜೋರಾಗಿ ಅಕ್ಕಾ ಎಂದು ಕರೆ. ತಡವಾದರೂ ಓಗೊಡುತ್ತೇನೆ.