ದಡದಿಂದ ಹೋಗುವ ಸುದ್ದಿ

ನಾವಲೂರು, ಚೆನ್ನೈ
ಗುರುವಾರ, ಜನವರಿ 22

ಪ್ರೀತಿಯ ಅಪ್ಪಾ,

ಇವತ್ತು ಆದದ್ದೆಲ್ಲ ಸಾಲದು ಅಂತ ಹಾಸ್ಟೆಲಿನ ಲಿಫ್ಟೂ ಇವತ್ತೇ ಕೆಡಬೇಕೇ? ಮೇಲಿನ ಮಹಡಿಯವರೆಗೆ ಹತ್ತಿ, ಊಟದ ಮನೆಯ ಬಾಗಿಲು ಹಾಕಿದ್ದು ನೋಡಿ, ಮತ್ತೆ ಇಳಿದು, ಈಗ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಾ ಮಾತಾಡುತ್ತಿದ್ದೇನೆ. ನಾನು ಮಾತಾಡುತ್ತೇನೆ, ಫೋನು ಬರೆದುಕೊಳ್ಳುತ್ತದೆ. ದನಿಯನ್ನೇ ಕಳಿಸಿದರೆ ಅಲ್ಲಿನ ಬಂದರಿನ ಟೀ ಅಂಗಡಿಯ ವೈಫೈಯಲ್ಲಿ ನಿಮ್ಮ ದೋಣಿಯ ಹುಡುಗ ಡೆಲ್ಸನ್‌ನ ಫೋನಿಗೆ ಅದು ಇಳಿಯುವುದೇ ಇಲ್ಲ, ಹೋದ ಸಲ ನೋಡಿದೆವಲ್ಲ. ಡೆಲ್ಸನ್, ನೀನು ಇದನ್ನು ಓದದೆ ಅಪ್ಪನ ಕೈಗೆ ಕೊಡು. ಓದುತ್ತೀಯ ಅಂತ ಗೊತ್ತು, ಆದರೂ ಹೇಳಿದೆ.

ಹೇಗಿದ್ದೀಯ ಅಪ್ಪಾ? ಮಂಡಿ ನೋವು ಹೇಗಿದೆ? ಚುಕ್ಕಾಣಿ ಹಿಡಿದು ನಿಲ್ಲುವಾಗ ಕೆಳಗೆ ಗೋಣಿಚೀಲ ಹಾಕಿಕೊಳ್ಳುತ್ತೀಯೋ ಇಲ್ಲವೋ? ಈರುಳ್ಳಿ ಕೊಳೆಯದೆ ಮಾಲ್ಡೀವ್ಸ್ ಮುಟ್ಟಿತೇ? ನಾನು ಚೆನ್ನಾಗಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ನಿಜವಾಗಿ ಚೆನ್ನಾಗಿದ್ದಾಳೆ ಅಪ್ಪಾ, ನಮ್ಮ ದಡದವರು ಹೇಳುವ ‘ಚೆನ್ನಾಗಿ’ ಅಲ್ಲ. ನಿನ್ನ ಗುಂಡಿ ಫೋನಿಗೆ ಏನೇ ಬಂದಿರಲಿ, ಎಷ್ಟೇ ಸಲ ಬಂದಿರಲಿ, ಅದನ್ನು ಕಳಿಸಿದ್ದು ಆಸ್ಪತ್ರೆಯಲ್ಲ. ನಾನು.

ಹೇಗೆ ಅಂತ ಹೇಳುತ್ತೇನೆ. ಇಲ್ಲಿ ಕಂಪ್ಯೂಟರ್ ಕಂಪನಿಯ ಟ್ರೈನಿಂಗಿನ ಕೊನೆಯ ಹಂತ ನಡೆಯುತ್ತಿದೆ. ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಮೊದಲ ವಾರವೇ ಮರೆಯಿರಿ ಅಂದರು, ಆಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ತುರುಕಿದ್ದೇ ತುರುಕಿದ್ದು. ಕೊರಳಿಗೆ ಪಟ್ಟಿ, ಪಟ್ಟಿಗೆ ಫೋಟೋ, ಫೋಟೋದಲ್ಲಿ ನಾನು ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತೇನೆ. ಈಗ ಇಬ್ಬಿಬ್ಬರಿಗೆ ಒಂದೊಂದು ಪ್ರಾಜೆಕ್ಟ್. ನನಗೂ ಇಳಂಗೋಗೂ ಬಂದದ್ದು ಆಸ್ಪತ್ರೆಯದು. ರೋಗಿಯನ್ನು ದಾಖಲು ಮಾಡಿದ ಕೂಡಲೇ ಮನೆಯವರ ಫೋನಿಗೆ ಸಂದೇಶ ಹೋಗಬೇಕು. ಇಳಂಗೋ ಧರ್ಮಪುರಿಯವನು, ಮಾವಿನ ತೋಪಿನ ಮಧ್ಯೆ ಬೆಳೆದವನು, ಸಮುದ್ರವನ್ನು ಮೊದಲ ಸಲ ನೋಡಿದ್ದೇ ಇಲ್ಲಿ. ನೋಡಿ ಅವನು ಅಂದದ್ದು, “ಇಷ್ಟೇನಾ?” ಅಂಥವನ ಜೊತೆ ನಾನು ಮೂರು ವಾರ ಕೆಲಸ ಮಾಡಿದ್ದೇನೆ, ನನ್ನ ತಾಳ್ಮೆ ಎಷ್ಟು ಅಂತ ನೀನೇ ತಿಳಿ.

ಬರೆದ ಪ್ರೋಗ್ರಾಂ ಸರಿಯಾಗಿದೆಯೋ ಅಂತ ನೋಡಲು ಸುಳ್ಳು ಹೆಸರು, ಸುಳ್ಳು ನಂಬರು ಹಾಕಬೇಕು. ಸುಳ್ಳು ನಂಬರುಗಳನ್ನು ಟ್ರೈನಿಂಗಿನವರೇ ಕೊಟ್ಟಿರುತ್ತಾರೆ. ನಿಜವಾದ ಮನುಷ್ಯರ ಹೆಸರು, ನಂಬರು ಮುಟ್ಟಿದರೆ ಆ ಪರೀಕ್ಷೆಯಲ್ಲಿ ಸೊನ್ನೆ ಅಂತ ಮೊದಲ ದಿನವೇ ನಮ್ಮ ಟೀಚರ್ ಶೆಣ್ಬಗಂ ಮೇಡಂ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ. ಆದರೆ ಅಪ್ಪಾ, ರೋಗಿಯ ಹೆಸರು ಅಂತ ಖಾಲಿ ಜಾಗ ಕಂಡಾಗ ಕೈ ತಾನಾಗಿ ಅಮ್ಮನ ಹೆಸರು, ‘ಅಮಲೋರ್ಪವಂ’ ಅಂತ ಹೊಡೆಯಿತು. ನಂಬರು ಅಂದಾಗ ನಿನ್ನದು ಹೊಡೆಯಿತು. ನನಗೆ ಬಾಯಿಪಾಠ ಇರುವ ನಂಬರು ಅದೊಂದೇ. ಆಗ ನನಗೆ ತೋರಿದ ನ್ಯಾಯ ಏನು ಗೊತ್ತೇ? ಅಪ್ಪ ಸಮುದ್ರದಲ್ಲಿದ್ದಾನೆ, ಅಲ್ಲಿ ಫೋನು ಸತ್ತಿರುತ್ತದೆ, ಅಂದಮೇಲೆ ಅದು ಯಾರ ನಂಬರೂ ಅಲ್ಲ. ದೋಣಿಯವರ ಮನೆಯ ಹುಡುಗಿಗೆ ಮಾತ್ರ ಹೊಳೆಯುವ ನ್ಯಾಯ ಇದು. ಇಳಂಗೋ ಕೇಳಿ ಅಂದ, “ನಿಮ್ಮಪ್ಪ ವಾಪಸ್ ಬರೋದೇ ಇಲ್ವಾ ಹಾಗಾದ್ರೆ?” ನಾನು ಅವನಿಗೆ ಬಾಯಿ ಮುಚ್ಚು ಅಂದೆ.

ಮೊದಲೆಲ್ಲ ಸಂದೇಶ ನಮ್ಮ ಪರದೆಯ ಮೇಲೆ ಮಾತ್ರ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಸೋಮವಾರ, ನಮ್ಮ ನಮ್ಮ ಫೋನಿಗೇ ಒಂದು ಸಂದೇಶ ಕಳಿಸಿಕೊಂಡು ನೋಡಿ ಅಂತ ಮೇಡಂ ಹೊರಗಿನ ದಾರಿ ತೆರೆದುಕೊಟ್ಟರು. ನಾನು ನನ್ನ ಫೋನಿಗೆ ಕಳಿಸಿದೆ, ಬಂತು, ಕುಣಿದೆ. ಆ ಕುಣಿತದಲ್ಲಿ ನಿನ್ನ ನಂಬರು ತೆಗೆಯುವುದು ಮರೆತೇ ಹೋಯಿತು. ಅಲ್ಲಿಂದ ನಾವು ಒಂದೊಂದು ಸಾಲು ತಿದ್ದಿ ಪರೀಕ್ಷಿಸಿದಾಗಲೂ ಒಂದೊಂದು ಸಂದೇಶ ನಿನ್ನ ಕಡೆಗೆ ಹೊರಟಿದೆ: ‘ರೋಗಿ ಅಮಲೋರ್ಪವಂ ಅವರನ್ನು ತುರ್ತು ಘಟಕಕ್ಕೆ ದಾಖಲಿಸಲಾಗಿದೆ. ಕೂಡಲೇ ಬನ್ನಿ.’ ಇವತ್ತು ಬೆಳಿಗ್ಗೆ ನೋಡಿದರೆ ಸಂದೇಶಗಳು ಸಾಲುಗಟ್ಟಿ ನಿಂತಿವೆ, ನಿನ್ನ ಫೋನಿಗೆ ಜೀವ ಬರುವುದನ್ನೇ ಕಾಯುತ್ತಾ.

ಬೇರೆ ಯಾರ ಅಪ್ಪನಾದರೂ ಮನೆಗೆ ಫೋನ್ ಮಾಡಿ ಕೇಳುತ್ತಿದ್ದ. ನೀನು ಮಾಲ್ಡೀವ್ಸ್‌ನ ಮಾಲೆ ಬಂದರಿನ ಹೊರಗೆ, ಕಸ್ಟಮ್ಸ್‌ನವರು ಬರುವವರೆಗೆ ಲಂಗರು ಹಾಕಿ ನಿಲ್ಲುತ್ತೀಯ. ಅಲ್ಲಿ ನಿನ್ನ ಫೋನಿಗೆ ಸಂದೇಶ ಬರುತ್ತದೆ, ಕರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ದಡ ಹತ್ತುವವರೆಗೆ ಆ ಸಂದೇಶವನ್ನೇ ನೋಡುತ್ತಾ ಕೂರಬೇಕು. ಅಜ್ಜಿ ಹೋದಾಗ ಏನಾಯಿತು ಅಂತ ನನಗೆ ಮರೆತಿಲ್ಲ. ‘ತಾಯಿಗೆ ಸೀರಿಯಸ್’ ಅಂತ ಸುದ್ದಿ ಬಂದದ್ದೇ ತಡ, ನೀನು ಅರ್ಥ ಮಾಡಿಕೊಂಡು, ದೋಣಿಯನ್ನು ಅಲ್ಲೇ ಬಿಟ್ಟು, ಊರಿಗೆ ತಿರುಗಿದ ಇನ್ಯಾರದೋ ದೋಣಿ ಹತ್ತಿ ಬಂದೆ. ದೋಣಿ ನಡೆಸುವ ತಂಡೇಲನೇ ಅದನ್ನು ಬಿಟ್ಟು ಬಂದ ಅಂತ ಮಾಲೀಕ ನಿನ್ನನ್ನು ಒಂದು ಇಡೀ ಹಂಗಾಮು ದಡದ ಮೇಲೆ ಕೂರಿಸಿದ. ಈ ಸಲ ಇನ್ನೊಮ್ಮೆ ಹಾಗಾದರೆ ನಿನಗೆ ಚುಕ್ಕಾಣಿ ಯಾರೂ ಕೊಡುವುದಿಲ್ಲ.

ಇಳಂಗೋ ಹೇಳಿದ, “ನಂಬರ್ ಅಳಿಸ್ಬಿಡು, ಸುಮ್ನಿರು. ಇಷ್ಟೊತ್ತಿಗೆ ಹೋಗಿರೋದು ಹೋಗಿದೆ. ನಾಳೆ ಮಾರ್ಕ್ಸ್ ಹಾಕ್ತಾರೆ, ಇವತ್ತು ಹೋಗಿ ತಲೆ ಕೊಡ್ತೀಯಾ?” ಅವನ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಹೊರಗಿನ ದಾರಿಯಲ್ಲಿ ನಿಂತ ಸಂದೇಶಗಳನ್ನು ತಡೆಯುವ ಬೀಗದ ಕೈ ಇರುವುದು ಮೇಡಂ ಹತ್ತಿರ. ಹೋಗಿ ಹೇಳಿದೆ. ಮೇಡಂ ಮೊದಲು ಕೇಳಿದ್ದು ನಿಯಮವನ್ನಲ್ಲ. “ನಿಮ್ಮಪ್ಪಂಗೆ ಹಾರ್ಟ್ ಗೀರ್ಟ್ ತೊಂದ್ರೆ ಏನಾದ್ರೂ ಇದ್ಯೇನಮ್ಮ?” ಅಂದರು. ಮಂಡಿ ಮಾತ್ರ ಮೇಡಂ ಅಂದೆ. ಅರ್ಧಕ್ಕಿಂತ ಹೆಚ್ಚನ್ನು ಅಲ್ಲೇ ನಿಲ್ಲಿಸಿದರು. ಉಳಿದವು ಆಗಲೇ ಫೋನ್ ಕಂಪನಿಯವರ ಕೈ ಸೇರಿದ್ದವು. ಬಿಲ್ಲಿನಿಂದ ಬಿಟ್ಟ ಬಾಣ, ತಡೆಯಲು ಯಾರಿಂದಲೂ ಆಗದು. ಆಮೇಲೆ ಮೇಡಂ ಸ್ವಲ್ಪ ಮಾರ್ಕ್ಸ್ ಕಡಿಮೆ ಮಾಡಿದರು. ಅದಿರಲಿ.

ಮಧ್ಯಾಹ್ನ ತೂತ್ತುಕುಡಿಯ ನಮ್ಮ ದೋಣಿ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತ ಕಾಸ್ಮೀರಣ್ಣ ಎತ್ತಿದ. ವೈರ್‌ಲೆಸ್‌ನಲ್ಲಿ ಅಪ್ಪನಿಗೆ ಒಂದು ಮಾತು ಹೇಳಬೇಕು ಅಂದೆ. “ಏನಂತ?” “ಅಮ್ಮ ಆಸ್ಪತ್ರೇಲಿಲ್ಲ ಅಂತ.” “ಇಲ್ಲ ಅಂದ್ಮೇಲೆ ಯಾಕಮ್ಮಾ ಹೇಳ್ಬೇಕು? ನಮ್ಮನೆ ಎಮ್ಮೇನೂ ಆಸ್ಪತ್ರೇಲಿಲ್ಲ, ಅದನ್ನೂ ಹೇಳ್ಲಾ?” ಅಂದ. ಎಲ್ಲ ಬಿಡಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದು ನಕ್ಕು, ಒಪ್ಪಿಕೊಂಡ. ನೀನು ದೂರ ಹೋಗಿದ್ದೆ, ಅವನ ಮಾತು ನೇರ ಮುಟ್ಟಲಿಲ್ಲ. ಮಧ್ಯದಲ್ಲಿ ಇದ್ದ ಆರೋಕ್ಯಂ ಮಾಮನ ದೋಣಿಗೆ ಹೇಳಿ, ಅಲ್ಲಿಂದ ನಿನಗೆ ಹೇಳಿಸಿದ: ‘ಅಮಲೋರ್ಪವಂ ಚೆನ್ನಾಗಿದ್ದಾಳೆ, ಏನೂ ಇಲ್ಲ, ಗಾಬರಿಯಾಗಬೇಡ.’ ಸದ್ಯ, ಮುಗಿಯಿತು ಅಂತ ನಾನು ಹೋಗಿ ಮೊಸರನ್ನ ತಿಂದೆ.

ನಾಲ್ಕು ಗಂಟೆಗೆ ಅಮ್ಮನ ಫೋನ್. “ಏನೇ ಇನ್ಫೆಂಟಾ, ನಂಗೇನಾಗಿದೆಯೇ?” ಅಂತಾಳೆ. ನಮ್ಮ ಬೀದಿಯ ಹೆಂಗಸರೆಲ್ಲ ಬನ್ನು, ಕಿತ್ತಳೆ ಹಿಡಿದು ಮನೆ ಬಾಗಿಲಿಗೆ ಬಂದಿದ್ದಾರೆ! ವೈರ್‌ಲೆಸ್ ಅಂದಮೇಲೆ ಕಿವಿಗಳಿಗೇನು ಬರವೇ? ಎಲ್ಲ ದೋಣಿಯವರೂ ಕೇಳಿ, ದಡಕ್ಕೆ ಹೇಳಿ, ದಡದವರು ಮನೆಮನೆಗೆ ಹೇಳಿ ಮುಗಿಸಿದ್ದರು. “ಬಾಗ್ಲಲ್ಲಿ ನಾನೇ ನಿಂತಿದೀನಿ, ತೆರೇಸಮ್ಮಾಳ್ ನನ್ನ ಕೆನ್ನೆ ಮುಟ್ಟಿ ‘ಎಷ್ಟು ಇಳ್ದೋಗಿದ್ಯೇ’ ಅಂತ ಅಳ್ತಾಳೆ. ಚೆನ್ನಾಗಿದೀನಿ ಕಣೇ ಅಂದ್ರೆ, ‘ನೋಡ್ರೇ ಇವಳ ಧೈರ್ಯಾನ’ ಅಂತಾಳೆ. ಬಂದೋರನ್ನ ಹಾಗೇ ಕಳ್ಸಕ್ಕಾಗತ್ತಾ? ಟೀ ಮಾಡ್ಕೊಂಡು ಸಾಯ್ತಿದೀನಿ.”

ನಾನು ನಗಲು ಹೊರಟವಳು ಅಲ್ಲೇ ನಿಂತೆ. ತೆರೇಸಮ್ಮಾಳ್ ಅತ್ತೆಗೇ ಹಾಗೆ ಅನ್ನಿಸಿದ ಮೇಲೆ ನಿನಗೆ? ನಮ್ಮವರು ನೀರಿನ ಮೇಲಿರುವ ಗಂಡಸರಿಗೆ ಯಾವ ಸುದ್ದಿಯನ್ನೂ ಅದರ ತೂಕಕ್ಕೆ ಹೇಳುವುದಿಲ್ಲ. ಸತ್ತರೆ ‘ಸೀರಿಯಸ್’, ಸೀರಿಯಸ್ ಆದರೆ ‘ಆಸ್ಪತ್ರೆ’, ಆಸ್ಪತ್ರೆಯಾದರೆ ‘ಸ್ವಲ್ಪ ಜ್ವರ’. ಒಂದೊಂದು ಮೆಟ್ಟಿಲು ಇಳಿಸಿಯೇ ಕಳಿಸುವುದು. ಕೇಳುವವನು ಒಂದು ಮೆಟ್ಟಿಲು ಏರಿಸಿಕೊಂಡೇ ಕೇಳುವುದು. ಹಾಗಿರುವಾಗ ಯಾರೂ ಕೇಳದೆ, ನಡುನೀರಿನಲ್ಲಿ, ಇನ್ನೊಂದು ದೋಣಿಯವನ ಬಾಯಿಂದ ‘ಹೆಂಡತಿ ಚೆನ್ನಾಗಿದ್ದಾಳೆ, ಗಾಬರಿಯಾಗಬೇಡ’ ಅಂತ ಬಂದರೆ! ಆಮೇಲೆ ಫೋನಿಗೆ ಜೀವ ಬಂದು ‘ಕೂಡಲೇ ಬನ್ನಿ’ ಅಂತ ಬಂದರೆ! ನಾನು ಬೆಂಕಿ ಆರಿಸಲು ಹೋಗಿ ಎಣ್ಣೆ ಹೊಯ್ದಿದ್ದೆ.

ಅಮ್ಮನಿಗೆ ಇದನ್ನು ಹೇಳಿದೆ. ಹಿಂದೆ ಹೆಂಗಸರ ಗದ್ದಲ ಕೇಳಿಸುತ್ತಿತ್ತು. ಅವಳು ಅಂದದ್ದು, “ಒಳ್ಳೆ ಮಾತು ಹೇಳಿದ್ರೆ ಆ ಮನುಷ್ಯ ನಂಬಲ್ಲ ಕಣೇ. ಕಾಸ್ಮೀರಂಗೆ ಹೇಳು, ನಾನು ಬೈದೆ ಅಂತ ಹೇಳ್ಲಿ. ಹೋದ್ಸಲ ಮಾಲೆಯಿಂದ ತಂದ ಮಾಸಿ ಒಣಮೀನು ಅರ್ಧ ಪುಡಿ, ಗಟ್ಟಿ ಇದ್ದಿದ್ದೆಲ್ಲ ಅವರಕ್ಕನ ಮನೆಗೆ ಹೋಯ್ತು. ಈ ಸಲಾನೂ ಪುಡೀನೇ ತಂದ್ರೆ ಮನೆ ಮೆಟ್ಲು ಹತ್ತೋದು ಬೇಡ, ದೋಣೀಲೇ ಬಿದ್ಕೊಳ್ಳಿ ಅಂತ ಹೇಳ್ಲಿ. ಹೆಂಡ್ತಿ ಹೋದ ಮನೆಯಿಂದ ಯಾರಾದ್ರೂ ಬೈಗುಳ ಕಳಿಸ್ತಾರೇನೇ?”

ಸಂಜೆಯ ವೈರ್‌ಲೆಸ್ ಹೊತ್ತಿಗೆ ಕಾಸ್ಮೀರಣ್ಣ ಒಂದಕ್ಷರ ಬಿಡದೆ ಹೇಳಿದನಂತೆ. “ದೋಣೀಲೇ ಬಿದ್ಕೊಳ್ಳಿ ಅನ್ನೋದನ್ನ ಎರಡು ಸಲ ಹೇಳ್ದೆ ಕಣಮ್ಮ, ನಿಮ್ಮಮ್ಮನ ರಾಗದಲ್ಲೇ” ಅಂದ. ಆಮೇಲೆ ಕಾದೆವು. ನಾನು ಇಲ್ಲಿ ತರಗತಿಯ ಹೊರಗೆ, ಅಮ್ಮ ಅಲ್ಲಿ ಬನ್ನುಗಳ ಮಧ್ಯೆ. ಇಳಂಗೋ ಕೂಡ ರೂಮಿಗೆ ಹೋಗದೆ ಕೂತಿದ್ದ. ಅವನ ಬಗ್ಗೆ ಮೇಲೆ ಹೇಳಿದ್ದರಲ್ಲಿ ಸ್ವಲ್ಪ ಕಡಿಮೆ ಮಾಡಿಕೋ. ಬಹಳ ಹೊತ್ತಿನ ಮೇಲೆ ಆರೋಕ್ಯಂ ಮಾಮನ ಕೈಯಲ್ಲಿ ನಿನ್ನ ಉತ್ತರ ಬಂತು. ‘ಗಟ್ಟಿ ಇದ್ದದ್ದನ್ನು ಅಕ್ಕನಿಗೆ ಕೊಡು ಅಂದವಳು ಅವಳೇ. ಪುಡಿಯಾದದ್ದಕ್ಕೆ ನನ್ನನ್ನು ಯಾಕೆ ಕೇಳುತ್ತಾಳೆ? ಅದರ ಮೇಲೆ ಮಲಗಿದವನು ಡೆಲ್ಸನ್.’

ನೀನು ವಾದಕ್ಕೆ ನಿಂತೆ ಅಂತ ಕೇಳಿದ ಮೇಲೆ ಅಮ್ಮ ಅತ್ತಳು ಅಪ್ಪಾ. ಹಗಲೆಲ್ಲ ಅಳದವಳು. ಆಮೇಲೆ ಮೂಗು ಒರೆಸಿಕೊಂಡು, “ನಾನೆಲ್ಲಿ ಹಾಗಂದೆ? ಸುಳ್ಳು ಬೇರೆ” ಅಂದಳು. ಈಗ ನನಗೂ ಹಸಿವಾಗುತ್ತಿದೆ.

ಹಾಗಾಗಿ ಲಂಗರು ಹಾಕಿದಲ್ಲಿ ಫೋನು ಗುಂಯ್‌ಗುಟ್ಟಿದಾಗ ನೀನು ಅದನ್ನು ಓದದೆ ಒಂದೊಂದಾಗಿ ಅಳಿಸಿರುತ್ತೀಯ ಅಂತ ನಂಬಿದ್ದೇನೆ. ನಮ್ಮೂರ ಇಗರ್ಜಿಯ ಪನಿಮಯ ಮಾತೆ ನಿನ್ನನ್ನೂ ದೋಣಿಯನ್ನೂ ಕಾಯಲಿ. ಎಲ್ಲರಿಗೂ ನನ್ನ ನೆನಪು ಹೇಳು, ಈರುಳ್ಳಿ ಮೂಟೆಗಳಿಗೂ. ಮಾಸಿ ಮೀನಿನ ಮೂಟೆಯಿಂದ ಡೆಲ್ಸನ್‌ನನ್ನು ದೂರ ಮಲಗಿಸು.

ನಿನ್ನ ಮಗಳು,
ಇನ್ಫೆಂಟಾ

ಮರೆತ ಮಾತು: ಮೇಲೆ ‘ಮೇಡಂ ಸ್ವಲ್ಪ ಮಾರ್ಕ್ಸ್ ಕಡಿಮೆ ಮಾಡಿದರು’ ಅಂದೆನಲ್ಲ, ಅದನ್ನು ನೀನು ಆಗಲೇ ಮೆಟ್ಟಿಲು ಏರಿಸಿಕೊಂಡು ಓದಿರುತ್ತೀಯ. ಅದಕ್ಕೇ ಅದರ ತೂಕಕ್ಕೇ ಹೇಳಿಬಿಡುತ್ತೇನೆ. ಸೊನ್ನೆ. ಫೇಲ್. ಶನಿವಾರ ಮತ್ತೆ ಪರೀಕ್ಷೆ, ಈ ಸಲ ಒಬ್ಬಳೇ. ಅದರಲ್ಲೂ ಹೋದರೆ ಕೊರಳ ಪಟ್ಟಿ ವಾಪಸ್ ಕೊಟ್ಟು ತೂತ್ತುಕುಡಿಯ ಬಸ್ಸು ಹತ್ತುವುದೇ. ಅಮ್ಮನಿಗೂ ಹೇಳಿದ್ದೇನೆ, ಬೈದಳು, ಅಂದರೆ ಪರವಾಗಿಲ್ಲ. ಹೇಗೂ ಅಷ್ಟರಲ್ಲಿ ನೀನು ದಡ ಹತ್ತಿರುತ್ತೀಯ, ಟೀ ಅಂಗಡಿಯವನ ಫೋನಿನಿಂದ ಮೊದಲು ಅಮ್ಮನಿಗೆ ಮಾಡು. ನಾನು ಒಂದು ಗಂಟೆಗೆ ಹೊರಗೆ ಬರುತ್ತೇನೆ. ಏನಾಯಿತೋ ಅದನ್ನೇ ಹೇಳುತ್ತೇನೆ, ನೀನೂ ಅಷ್ಟನ್ನೇ ಕೇಳಿಸಿಕೋ. ಶನಿವಾರ ಮಧ್ಯಾಹ್ನ, ಒಂದೂಕಾಲಿಗೆ ಫೋನ್ ಮಾಡು.